ಚಂದ್ರಂಪಳ್ಳಿಯ ದಡಕ್ಕೆ ಹೊರಡುವ ಮುನ್ನ

ಕ್ರಿಸ್ತಜಯಂತಿಯ ಗೋದಲಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು, ಮೂವರು ಜ್ಞಾನಿಗಳ ಹಬ್ಬವೂ ಮುಗಿದ ಮೇಲೆ, ವಿಭೂತಿ ಬುಧವಾರದವರೆಗೆ ಕಲಬುರಗಿಯ ನಮ್ಮ ಕುಟುಂಬಗಳಿಗೆ ಕೆಲವು ವಾರಗಳ ಬಿಡುವು ದೊರೆಯುತ್ತದೆ. ಹೊರಸಂಚಾರಕ್ಕೆ ಈ ಊರಿನವರಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೊಂದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿಯ ಗೆರೆಯನ್ನು ದಾಟಿ ನಿಂತಾಗ ಇಲ್ಲಿ ಅಂಗಳಕ್ಕಿಳಿಯುವುದೇ ಒಂದು ತಪಸ್ಸು. ಆದ್ದರಿಂದ ಜನವರಿಯ ಚಳಿಯಲ್ಲಿ ಮಕ್ಕಳನ್ನು ಕರೆದುಕೊಂಡು ಒಂದೆರಡು ರಾತ್ರಿ ಗುಡಾರದಲ್ಲಿ ಕಳೆದು ಬರೋಣವೆಂಬ ಮಾತು ಧರ್ಮಕೇಂದ್ರದ ಕುಟುಂಬಕೂಟದಲ್ಲಿ ಎದ್ದಾಗ ಎಲ್ಲರೂ ಒಮ್ಮೆಲೇ ತಲೆದೂಗಿದೆವು. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ದಡಕ್ಕೆ ಹೋಗುವುದೆಂಬ ನಿರ್ಣಯಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹೇಗೆ ಹೋಗುವುದೆಂಬ ನಿರ್ಣಯಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರಗಳ ಕಥೆಯನ್ನೇ ಓದುಗರ ಮುಂದಿಡಬೇಕೆಂದಿದ್ದೇವೆ.

ಬಯಲಿನಲ್ಲಿ ಕುಳಿತು ಉಣ್ಣುವುದು ನಮ್ಮ ಸೀಮೆಗೆ ಹೊಸತಲ್ಲ. ಎಳ್ಳ ಅಮಾವಾಸ್ಯೆಯಂದು ನೆರೆಯ ರೈತ ಕುಟುಂಬಗಳು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಹಂಚಿಕೊಂಡು ಉಣ್ಣುವಾಗ ನಮ್ಮವರನ್ನೂ ಕೈಹಿಡಿದು ಕರೆದೊಯ್ಯುತ್ತಾರೆ. ಆದರೆ ಸಂಜೆಯಾದೊಡನೆ ಎಲ್ಲರೂ ಮನೆಗೆ ಮರಳುತ್ತೇವೆ. ಬಟ್ಟೆಯ ಸೂರಿನ ಕೆಳಗೆ ರಾತ್ರಿ ಕಳೆಯುವುದು ಬೇರೆಯೇ ಮಾತು. ಅದನ್ನು ನಿಜವಾಗಿ ಬಲ್ಲವರು ಈ ಭಾಗದಲ್ಲಿ ಲಂಬಾಣಿ ಜನ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶವೆಲ್ಲ ಸುತ್ತುತ್ತಿದ್ದ ಅವರ ಪಯಣದ ಗುಂಪಿಗೇ ತಾಂಡಾ ಎಂಬ ಹೆಸರಿತ್ತು. ಅವರು ನೆಲೆ ನಿಂತ ಮೇಲೆ ಊರಿಗೂ ಅದೇ ಹೆಸರು ಉಳಿಯಿತು. ನಾವು ಹೋಗಬೇಕೆಂದಿರುವ ಕಾಡಿನ ಸುತ್ತಮುತ್ತ ಅಂಥ ತಾಂಡಾಗಳು ಹಲವು ಇವೆ.

ಧರ್ಮಗ್ರಂಥವನ್ನು ತೆರೆದವರಿಗೂ ಗುಡಾರ ಅಪರಿಚಿತವಲ್ಲ. ಇಸ್ರಯೇಲರು ವರ್ಷಕ್ಕೊಮ್ಮೆ ಏಳು ದಿನ ಪರ್ಣಶಾಲೆಗಳಲ್ಲಿ ವಾಸಿಸಬೇಕೆಂಬ ವಿಧಿ ಯಾಜಕಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿದೆ. ಕೊರಿಂಥದಲ್ಲಿ ಸಂತ ಪೌಲರಿಗೆ ಆಶ್ರಯವಿತ್ತ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಯದು ಗುಡಾರ ಮಾಡುವ ಕಸುಬು, ಪೌಲರದೂ ಅದೇ. ಆದಿಸಭೆಯ ಆ ದುಡಿಯುವ ಸಂಸಾರವನ್ನು ನಾವು ನೆನೆಯುವುದು ಅಪರೂಪವೆಂಬುದು ನಮಗೊಂದು ಕೊರಗು.

ಈಗ ಸ್ಥಳದ ವಿಚಾರ. ಚಂದ್ರಂಪಳ್ಳಿ ಜಲಾಶಯವು ಮುಲ್ಲಾಮಾರಿ ನದಿಯನ್ನು ಸೇರುವ ತೊರೆಗೆ ಅಡ್ಡವಾಗಿ ಕಟ್ಟಿದ ಅಣೆಕಟ್ಟಿನಿಂದಾದುದು. ಮುಲ್ಲಾಮಾರಿ ಕಾಗಿಣೆಗೆ, ಕಾಗಿಣೆ ಭೀಮೆಗೆ, ಭೀಮೆ ಕೃಷ್ಣೆಗೆ. ಬರಡು ಬಯಲೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ಹಸಿರು ಗುಡ್ಡಗಳೂ ಅವುಗಳ ನಡುವೆ ಇಷ್ಟು ನೀರೂ ಇವೆಯೆಂದರೆ ದಕ್ಷಿಣದ ಬಂಧುಗಳು ಇಂದಿಗೂ ನಂಬುವುದಿಲ್ಲ. ಸುತ್ತಲಿನ 134.88 ಚದರ ಕಿಲೋಮೀಟರ್ ಕಾಡನ್ನು ಸರ್ಕಾರವು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಿತು. ತೋಳ, ಕತ್ತೆಕಿರುಬ, ನರಿಗಳು ಅಲ್ಲಿ ಮನೆಯವರು, ನಾವು ಅತಿಥಿಗಳು.

ಈ ಅಂಶವನ್ನು ನಮ್ಮ ಮೊದಲ ಸಭೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಅಮೆರಿಕದಲ್ಲಿರುವ ಬಂಧುಗಳು ಕಳುಹಿಸುವ ಚಿತ್ರಗಳಲ್ಲಿ ಸರೋವರದ ದಡದ ಉದ್ಯಾನಗಳು ಕಾಣುತ್ತವೆ. ಪ್ರತಿ ಗುಡಾರಕ್ಕೂ ಸಂಖ್ಯೆ ಹಾಕಿದ ಜಾಗ, ಬೆಂಕಿ ಹಾಕಲು ಕಬ್ಬಿಣದ ಬಳೆ, ನೀರಿನ ನಲ್ಲಿ. ನಾವೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸೌದೆ, ಇದ್ದಿಲು, ಮಾಂಸ ಸುಡುವ ಕಂಬಿಗಳ ಪಟ್ಟಿ ಬರೆದಿದ್ದೆವು. ಅರಣ್ಯ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತರಾದ ನಮ್ಮ ಹಿರಿಯರೊಬ್ಬರು ಆ ಪಟ್ಟಿಯನ್ನು ನೋಡಿ ನಕ್ಕರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಅನುಮತಿಪತ್ರವಿಲ್ಲದೆ ಕಾಲಿಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಪ್ರಾಣಿಗಳನ್ನು ಕೆಣಕುವಂತಿಲ್ಲ, ಕಸ ಎಸೆಯುವುದೂ ಅಪರಾಧ. ಗುಡಾರ ಹಾಕಬೇಕಾದುದು ಇಲಾಖೆ ತೋರಿಸಿದ ಜಾಗದಲ್ಲಿ, ಇಲಾಖೆ ಹೇಳಿದ ದಿನ. ಎಲ್ಲರ ಹೆಸರು, ವಯಸ್ಸು ಬರೆದು ಮುಂಚಿತವಾಗಿ ಅರ್ಜಿ ಕೊಡಬೇಕು. ಇದನ್ನು ಕೇಳಿ ನಮ್ಮಲ್ಲಿ ಕೆಲವರ ಉತ್ಸಾಹ ಕುಗ್ಗಿತು. ಬೆಂಕಿಯಿಲ್ಲದ ಶಿಬಿರವೆಂದರೆ ಮೇಣದಬತ್ತಿಯಿಲ್ಲದ ಪೀಠದಂತೆ ಎಂದು ಯುವಕನೊಬ್ಬ ಗೊಣಗಿದ.

ಆಹಾರದ ಸಮಸ್ಯೆಯನ್ನಂತೂ ನಮ್ಮ ಸೀಮೆಯ ಅಜ್ಜಿಯರು ಎಂದೋ ಬಿಡಿಸಿಟ್ಟಿದ್ದಾರೆ. ಜೋಳದ ಖಡಕ್ ರೊಟ್ಟಿಗೆ ಒಲೆ ಬೇಡ, ತಟ್ಟೆಯೂ ಬೇಡ, ವಾರವಿಟ್ಟರೂ ಕೆಡದು. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೊಸರು, ಹಸಿ ಉಳ್ಳಾಗಡ್ಡಿಯೊಂದಿಗೆ ಎರಡು ದಿನ ನಿಶ್ಚಿಂತೆಯಿಂದ ಕಳೆಯಬಹುದು. ಪುಂಡಿಪಲ್ಯವನ್ನು ಮೊದಲ ಹೊತ್ತಿಗಷ್ಟೇ ಒಯ್ಯುವುದೆಂದಾಯಿತು. ಹಣ್ಣಿನ ವಿಷಯದಲ್ಲಿ ಚರ್ಚೆಯೇ ನಡೆಯಲಿಲ್ಲ. ದಾರಿಯಲ್ಲಿ ಕಮಲಾಪುರ ಸಿಗುತ್ತದಲ್ಲ.

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಕಮಲಾಪುರವನ್ನು ಈ ಭಾಗದಲ್ಲಿ ಅರಿಯದವರಿಲ್ಲ. ಅಲ್ಲಿಯೂ ನವನಿಹಾಳದ ಸುತ್ತಲೂ ಬೆಳೆಯುವ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಸಾಧಾರಣ ಬಾಳೆಗಿಂತ ಗೊನೆ ಬಲಿಯಲು ಹೆಚ್ಚು ತಿಂಗಳು ಬೇಕು, ನೀರು ಹೆಚ್ಚು ಬೇಕು, ಆಳು ಹೆಚ್ಚು ಬೇಕು. ಆದ್ದರಿಂದಲೇ ಬೆಲೆಯೂ ಹೆಚ್ಚು. ಆ ತೋಟಗಳಲ್ಲಿ ದಿನಗೂಲಿಗೆ ದುಡಿಯುವ ಕೆಲವು ಕಥೋಲಿಕ ಕುಟುಂಬಗಳು ಕಮಲಾಪುರದಲ್ಲಿವೆ. ಹಬ್ಬಗಳಿಗೆ ಬಸ್ಸು ಹತ್ತಿ ಕಲಬುರಗಿಯ ದೇವಾಲಯಕ್ಕೆ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕುಳಿತು ಪೂಜೆ ಮುಗಿದೊಡನೆ ಬಸ್ಸಿಗೆ ಓಡುತ್ತಾರೆ. ಅವರ ವಿಚಾರ ಮುಂದೆ ಬರುತ್ತದೆ.

ಮೊದಲ ಸಭೆಯ ಯೋಜನೆ ಹೀಗಿತ್ತು. ಶುಕ್ರವಾರ ಮಧ್ಯಾಹ್ನ ಹೊರಡುವುದು, ಎರಡು ರಾತ್ರಿ ತಂಗಿ ಭಾನುವಾರ ಸಂಜೆ ಮರಳುವುದು, ಬಸ್ಸು, ಬಾಡಿಗೆ ಗುಡಾರ, ಊಟ ಸೇರಿ ತಲೆಗೆ ಇಷ್ಟೆಂದು ಹಣ ಕಟ್ಟುವುದು. ಎಲ್ಲವನ್ನೂ ಅಚ್ಚುಕಟ್ಟಾಗಿ ಹಾಳೆಯ ಮೇಲೆ ಬರೆದು ಓದಿ ಹೇಳಿದ ಮೇಲೆ, ಪ್ರಶ್ನೆಗಳಿವೆಯೇ ಎಂದು ಕೇಳಿದೆವು. ಹಿಂದೆ ಕುಳಿತಿದ್ದ ತಾಯಿಯೊಬ್ಬರು ಎದ್ದು ನಿಂತರು.

“ಎಲ್ಲಾ ಛಲೋ ಬರದೀರಿ. ನೀರಿನ ಕಡೆ ನೋಡೋರು ಯಾರಂತ ಬರದಿಲ್ಲಲ್ರಿ?”

ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಹಕ್ಕು ಆಕೆಗಿತ್ತು.

ಎರಡು ವರ್ಷಗಳ ಹಿಂದೆ ಇದೇ ಕುಟುಂಬಕೂಟದಿಂದ ನಗರದ ಹೊರವಲಯದ ಒಂದು ಕೆರೆಗೆ ಒಂದು ದಿನದ ವಿಹಾರಕ್ಕೆ ಹೋಗಿದ್ದೆವು. ಊಟ ಬಡಿಸುವ ಹೊತ್ತು. ಚೆಂಡಿನ ಹಿಂದೆ ಓಡಿದ ಒಂಬತ್ತು ವರ್ಷದ ಹುಡುಗ ದಡದ ಜಾರುಮಣ್ಣಿನಲ್ಲಿ ಕಾಲು ತಪ್ಪಿ ನೀರಿಗೆ ಹೋದ. ನಾವು ಹದಿನಾರು ಮಂದಿ ಹಿರಿಯರು ಇಪ್ಪತ್ತು ಗಜದೊಳಗೆ ಇದ್ದೆವು. ಒಬ್ಬರಿಗೂ ಗೊತ್ತಾಗಲಿಲ್ಲ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದು ಸಿನಿಮಾ ನೋಡಿ ತಿಳಿದುಕೊಂಡವರು ನಾವು. ನಿಜದಲ್ಲಿ ಉಸಿರಿಗೆ ಹೆಣಗುವ ಮಗುವಿಗೆ ಕೂಗಲು ಉಸಿರೇ ಇರುವುದಿಲ್ಲ. ಸದ್ದಿಲ್ಲದೆ, ಒಂದೆರಡು ನಿಮಿಷದೊಳಗೆ ಎಲ್ಲವೂ ಮುಗಿದು ಹೋಗುತ್ತದೆ. ಅಂದು ಪುಣ್ಯವಶಾತ್ ನಮ್ಮೊಡನೆ ಕಮಲಾಪುರದ ಕೂಲಿಕಾರರೊಬ್ಬರು ಬಂದಿದ್ದರು. ಬಾಲ್ಯದಲ್ಲಿ ತೋಟದ ಬಾವಿಗಳಲ್ಲಿ ಈಜು ಕಲಿತವರು. ಚೆಂಡು ತೇಲುತ್ತಿದೆ, ಹುಡುಗನಿಲ್ಲ ಎಂಬುದನ್ನು ಕಂಡವರು ಅವರೊಬ್ಬರೇ. ಉಟ್ಟ ಬಟ್ಟೆಯಲ್ಲೇ ಧುಮುಕಿ ಹುಡುಗನನ್ನು ಎಳೆದು ತಂದರು. ಹುಡುಗ ಉಳಿದ. ಈಗ ಶಾಲೆಗೆ ಹೋಗುತ್ತಾನೆ, ಪೂಜೆಯಲ್ಲಿ ಸೇವೆ ಮಾಡುತ್ತಾನೆ. ಸ್ನಾನದ ತೊಟ್ಟಿಯ ಹತ್ತಿರ ಹೋಗಲು ಮಾತ್ರ ಬಹಳ ದಿನ ಹೆದರುತ್ತಿದ್ದ.

ತಪ್ಪು ಕೆರೆಯದಲ್ಲ, ಹುಡುಗನದೂ ಅಲ್ಲ. ಪ್ರತಿಯೊಬ್ಬರೂ ಮತ್ತೊಬ್ಬರು ನೋಡುತ್ತಿದ್ದಾರೆಂದು ಭಾವಿಸಿದ್ದೆವು. ಆ ದಿನ ಮನೆಗೆ ಬಂದು ಜಪಸರ ಹೇಳಿದೆವು, ಕೃತಜ್ಞತಾ ಪೂಜೆಗೆ ಕಾಣಿಕೆ ಕೊಟ್ಟೆವು. ಆದರೆ ಎಲ್ಲಿ ತಪ್ಪಿದೆವೆಂದು ಕುಳಿತು ಮಾತಾಡಲಿಲ್ಲ. ಮಾತಾಡಿದರೆ ಯಾರನ್ನಾದರೂ ದೂಷಿಸಬೇಕಾದೀತೆಂಬ ಸಂಕೋಚ. ಆ ಸಂಕೋಚದ ಬೆಲೆಯನ್ನು ಎರಡು ವರ್ಷ ಆ ತಾಯಿ ಒಬ್ಬರೇ ತೆತ್ತರು.

ಜಲಾಶಯವು ಕೆರೆಗಿಂತ ಕಠಿಣ. ಕಟ್ಟಿದ ನೀರಿನ ಅಂಚು ಒಂದೇ ಸಮ ಇಳಿಜಾರಾಗಿರುವುದಿಲ್ಲ. ಮೊಣಕಾಲುದ್ದದಿಂದ ಒಂದು ಹೆಜ್ಜೆಗೆ ಆಳ. ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಮಕ್ಕಳಿಗೆ ನೀರೆಂದರೆ ನಲ್ಲಿ, ಟ್ಯಾಂಕರು, ಕೊಡ. ಕರಾವಳಿಯ ಮಗುವಿಗೆ ಇರುವ ಎಚ್ಚರವಾಗಲಿ, ಈಜಾಗಲಿ ಅವರಿಗಿಲ್ಲ. ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ಮುಳುಗಡೆ ಸಾವುಗಳ ತಡೆಯ ದಿನವೆಂದು ಗೊತ್ತುಮಾಡಿತು. ನಮ್ಮ ಮಕ್ಕಳಿಗೆ ಈಜು ಕಲಿಸುವ ವ್ಯವಸ್ಥೆಯೂ ಧರ್ಮೋಪದೇಶ ತರಗತಿಯಷ್ಟೇ ಕ್ರಮವಾಗಿ ನಡೆಯಬಾರದೇಕೆ ಎಂದು ಕೇಳಲು ನಮಗೀಗ ಸಂಕೋಚವಿಲ್ಲ.

ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುತ್ತ, ಅಂದು ಹುಡುಗನನ್ನು ಉಳಿಸಿದವರನ್ನೇ ಕೇಳೋಣವೆಂದು ನಮ್ಮಲ್ಲಿ ಮೂವರು ಒಂದು ಭಾನುವಾರ ಕಮಲಾಪುರಕ್ಕೆ ಹೋದೆವು. ಮನೆಯವರು ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟು, ಎರಡು ಕೆಂಪು ಬಾಳೆಹಣ್ಣನ್ನು ಹೋಳು ಮಾಡಿ ತಟ್ಟೆಯಲ್ಲಿಟ್ಟರು. ಶಿಬಿರದ ಮಾತು ತೆಗೆದೆವು. ಈ ಸಲವೂ ನೀವು ಬರಬೇಕು, ನೀರಿನ ಜವಾಬ್ದಾರಿ ನಿಮಗೆ ಒಪ್ಪಿಸುತ್ತೇವೆ ಎಂದೆವು. ಅವರು ಸುಮ್ಮನೆ ನೆಲ ನೋಡಿದರು. ಅವರ ಹೆಂಡತಿ ಹೇಳಿದರು: “ಈ ಸಲ ಬ್ಯಾಡ ಬಿಡ್ರಿ. ತ್ವಾಟದಾಗ ಕೆಲಸ ಅದ.”

ಹೊರಗೆ ಬಂದ ಮೇಲೆ ನಮ್ಮಲ್ಲೊಬ್ಬರು ಕಿಸೆಯಿಂದ ಆ ಹಾಳೆಯನ್ನು ತೆಗೆದು ಲೆಕ್ಕ ಹಾಕಿದರು. ಗಂಡ, ಹೆಂಡತಿ, ಮೂವರು ಮಕ್ಕಳು. ನಾವು ತಲೆಗೆ ಗೊತ್ತುಮಾಡಿದ ಹಣವನ್ನು ಐದರಿಂದ ಗುಣಿಸಿ, ಶುಕ್ರವಾರ, ಶನಿವಾರಗಳ ಇಬ್ಬರ ಕೂಲಿಯನ್ನೂ ಸೇರಿಸಿದರೆ ಬಂದ ಮೊತ್ತವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಮಗುವನ್ನು ನೀರಿನಿಂದೆತ್ತಿದವರು ಬರಲಾಗದಂಥ ಯೋಜನೆಯನ್ನು ನಾವು ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆವು.

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರವನ್ನು ನಮ್ಮ ಅಧ್ಯಯನ ಕೂಟದಲ್ಲಿ ಒಮ್ಮೆ ಓದಿದ್ದೆವು. ಗಿಡ, ನೀರು, ಪ್ಲಾಸ್ಟಿಕ್ಕಿನ ಮಾತುಗಳೆಲ್ಲ ನೆನಪಿದ್ದವು. ಅದರ 237ನೆಯ ಪರಿಚ್ಛೇದದಲ್ಲಿ ಭಾನುವಾರದ ವಿಶ್ರಾಂತಿಯ ಪ್ರಸ್ತಾಪವಿದೆ. ಹಳೆಯ ಒಡಂಬಡಿಕೆಯ ನಿಯಮದಂತೆ ಆ ವಿಶ್ರಾಂತಿ ಎತ್ತು, ಕತ್ತೆಗಳಿಗೂ ದಾಸಿಯ ಮಗನಿಗೂ ಪರದೇಶಿಗೂ ಸಲ್ಲಬೇಕೆಂದು ಅಲ್ಲಿ ನೆನಪಿಸಲಾಗಿದೆ. ಅದನ್ನು ಓದಿದ್ದು ಮರೆತೇ ಹೋಗಿತ್ತು.

ಎರಡನೆಯ ಸಭೆಯಲ್ಲಿ ಹಾಳೆಯನ್ನು ಹರಿದು ಹೊಸದಾಗಿ ಬರೆದೆವು. ಎರಡು ರಾತ್ರಿಯ ಬದಲು ಒಂದೇ ರಾತ್ರಿ. ಶನಿವಾರ ಬೆಳಗಿನ ಅರ್ಧ ದಿನದ ಕೆಲಸ ಮುಗಿಸಿಕೊಂಡು ಬರುವವರಿಗಾಗಿ ಬಸ್ಸು ಮಧ್ಯಾಹ್ನ ಕಮಲಾಪುರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೂರ್ವಕ್ಕೆ ಚಿಂಚೋಳಿಯ ಕಡೆ. ಕತ್ತಲಾಗುವ ಮೊದಲು ಗುಡಾರಗಳು ಏಳಬೇಕಾದ್ದರಿಂದ ದಾರಿಯಲ್ಲಿ ಚಹಾಕ್ಕೆ ನಿಲ್ಲುವುದಿಲ್ಲ, ಚಹಾಪ್ರಿಯರು ಕ್ಷಮಿಸಬೇಕು. ತಲೆಗೆ ಇಷ್ಟೆಂಬ ಲೆಕ್ಕವನ್ನು ಕೈಬಿಟ್ಟೆವು. ದೇವಾಲಯದ ಹಿಂಬಾಗಿಲ ಬಳಿ ಮುಚ್ಚಿದ ಪೆಟ್ಟಿಗೆಯೊಂದನ್ನಿಟ್ಟು, ಅವರವರ ಶಕ್ತ್ಯನುಸಾರ ಹೆಸರಿಲ್ಲದ ಲಕೋಟೆ ಹಾಕುವಂತೆ ಕೇಳಿಕೊಂಡೆವು. ಎರಡು ವಾರದಲ್ಲಿ ಬಸ್ಸಿನ ಖರ್ಚು ತುಂಬಿತು. ಬಾಡಿಗೆ ಗುಡಾರಗಳ ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಬೇಕಾಯಿತು. ಗಂಡಸರೆಲ್ಲ ಒಂದೇ ದೊಡ್ಡ ತಾಡಪಾಲಿನ ಕೆಳಗೆ ಮಲಗುವುದೆಂದಾಯಿತು. ಗೊರಕೆ ಹೊಡೆಯುವವರ ಪಟ್ಟಿಯನ್ನು ಅವರವರ ಹೆಂಡಂದಿರೇ ಒದಗಿಸಿದ್ದಾರೆ.

ಇದನ್ನೆಲ್ಲ ತಿಳಿಸಲು ಮತ್ತೆ ಕಮಲಾಪುರಕ್ಕೆ ಹೋದಾಗ ಆ ಮನೆಯೊಡತಿ ಒಂದು ಷರತ್ತು ಹಾಕಿದರು: ಪುಕ್ಕಟೆ ಬರುವುದಿಲ್ಲ. ನೂರೈವತ್ತು ಖಡಕ್ ರೊಟ್ಟಿ ಅವರ ಓಣಿಯ ಹೆಂಗಸರ ಪಾಲು. ಹಿಟ್ಟು ನಾವು ಕೊಡುತ್ತೇವೆಂದರೂ ಒಪ್ಪಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ಭಾನುವಾರದ ಬಲಿಪೂಜೆಯ ಪ್ರಶ್ನೆ ಉಳಿದಿತ್ತು. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆಂಬುದು 1983ರ ಧರ್ಮಸಭಾ ಕಾನೂನಿನ 1248ನೆಯ ವಿಧಿಯಲ್ಲಿದೆ. ಆದರೆ ಆ ಹೊತ್ತಿಗೆ ನಾವು ಕಾಡಿನಲ್ಲಿರುತ್ತೇವೆ. ಪವಿತ್ರ ಸ್ಥಳದಲ್ಲೇ ಪೂಜೆ ನಡೆಯಬೇಕು, ಅಗತ್ಯ ಬಿದ್ದಾಗ ಬೇರೆ ಯೋಗ್ಯ ಸ್ಥಳದಲ್ಲಿ ತಕ್ಕ ಮೇಜಿನ ಮೇಲೆ ಬಿಳಿವಸ್ತ್ರ ಹಾಸಿ ಅರ್ಪಿಸಬಹುದೆಂದು 932ನೆಯ ವಿಧಿ ಹೇಳುತ್ತದೆ. ಸಹಾಯಕ ಗುರುಗಳು ನಮ್ಮೊಡನೆ ಬರಲು ಒಪ್ಪಿದ್ದಾರೆ. ಒಂದು ಮಡಚುವ ಮೇಜು, ಎರಡು ಬಿಳಿವಸ್ತ್ರ, ಗಾಳಿಗೆ ಆರದಂತೆ ಗಾಜಿನೊಳಗಿಟ್ಟ ಮೇಣದಬತ್ತಿ. ಅದಕ್ಕೂ ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಹಚ್ಚುವುದು. ಧ್ವನಿವರ್ಧಕವಂತೂ ಇಲ್ಲ, ಗಿಟಾರೂ ಬೇಡವೆಂದು ತೀರ್ಮಾನಿಸಿದ್ದೇವೆ. ಹತ್ತಿರದ ತಾಂಡಾದವರ ನಿದ್ದೆಯನ್ನೂ ಕಾಡಿನವರ ಶಾಂತಿಯನ್ನೂ ಕೆಡಿಸುವ ಹಾಡು ಸ್ತುತಿಯಾಗಲಾರದು. ಈ ತೀರ್ಮಾನದಿಂದ ಗಾನವೃಂದದವರಿಗೆ ಬೇಸರವಾಗಿದೆ. ಆದರೂ ತೀರ್ಮಾನ ಸರಿಯೆಂದೇ ನಮ್ಮ ಭಾವನೆ. ಅಂದಿನ ಸುವಾರ್ತೆಯ ನಂತರ, ಪುನರುತ್ಥಾನದ ಬಳಿಕ ತಿಬೇರಿಯ ಸರೋವರದ ದಡದಲ್ಲಿ ಪ್ರಭು ಶಿಷ್ಯರಿಗಾಗಿ ಬೆಳಗಿನ ಊಟ ಅಣಿಮಾಡಿದ ಪ್ರಸಂಗವನ್ನು ಗುರುಗಳು ಮಕ್ಕಳಿಗೆ ಹೇಳಲಿದ್ದಾರೆ. ಅಲ್ಲಿ ಕೆಂಡದ ಮೇಲೆ ಮೀನಿತ್ತು, ನಮ್ಮಲ್ಲಿ ರೊಟ್ಟಿಯಿರುತ್ತದೆ.

ಇನ್ನು ನೀರಿನ ನಿಯಮಗಳು. ಇವನ್ನು ಕಮಲಾಪುರದ ಆ ಕೂಲಿಕಾರರೇ ನಮ್ಮ ಮೂರನೆಯ ಸಭೆಗೆ ಬಂದು ಹೇಳಿ ಬರೆಸಿದರು. ಬರೆದುಕೊಂಡವರು ಆ ಹುಡುಗನ ತಾಯಿ. ಯಾರೂ ನೀರಿಗಿಳಿಯುವಂತಿಲ್ಲ, ಈಜು ಬಲ್ಲವರೂ ಇಳಿಯುವಂತಿಲ್ಲ. ದಡದಿಂದ ಹತ್ತು ಮಾರು ಹಿಂದೆ ಸುಣ್ಣದ ಗೆರೆ. ಗೆರೆ ದಾಟುವ ಮಗುವಿನ ಕೈಯನ್ನು ಹಿರಿಯರೊಬ್ಬರು ಹಿಡಿದಿರಬೇಕು. ಬೆಳಕಿರುವಷ್ಟು ಹೊತ್ತು ಇಬ್ಬರು ಕಾವಲು, ಅರ್ಧ ಗಂಟೆಗೊಮ್ಮೆ ಬದಲಿ. ಕೊರಳಲ್ಲಿ ಸೀಟಿ, ಕೈಯಲ್ಲಿ ಮೊಬೈಲು ಇಲ್ಲ, ಮಾತೂ ಇಲ್ಲ. ಸೀಟಿಯನ್ನು ಮುಂದಿನವರ ಕೊರಳಿಗೆ ಹಾಕಿದ ಹೊರತು ಕಾವಲಿನವರು ಜಾಗ ಬಿಡುವಂತಿಲ್ಲ; ಊಟದ ಹೊತ್ತಿನಲ್ಲಿ ಇಬ್ಬರಲ್ಲ, ನಾಲ್ವರು. ಯಾರಾದರೂ ನೀರಿಗೆ ಬಿದ್ದರೆ ಧುಮುಕಬಾರದು. ಮೊದಲು ಉದ್ದನೆಯ ಕೋಲು, ಆಮೇಲೆ ಹಗ್ಗ. ಹಗ್ಗದ ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಡಬ್ಬಿ. ದೂರಕ್ಕೆ ಎಸೆಯಲು ತೂಕ ಬೇಕಾದ್ದರಿಂದ ಒಳಗೆ ಒಂದು ಲೋಟ ನೀರು. “ನಾ ಆವತ್ತು ಜಿಗದದ್ದು ತಪ್ಪ. ನನಗ ಈಜು ಬರ್ತಿತ್ತು ಅಂತ ಇಬ್ರೂ ಉಳದ್ವಿ” ಎಂದು ಅವರು ಹೇಳಿದಾಗ ತಾಯಿಯ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಹಾವಿನ ಕಡಿತ, ಜ್ವರ, ಗಾಯಗಳಿಗೆ ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಯನ್ನು ಮುಂಚಿತವಾಗಿ ವಿಚಾರಿಸಿಡುವುದು, ರಾತ್ರಿ ಬೂಟು ಕೊಡವಿ ಹಾಕಿಕೊಳ್ಳುವುದು, ಟಾರ್ಚಿಲ್ಲದೆ ಎದ್ದು ಹೋಗದಿರುವುದು, ತಂದ ಕಸವನ್ನೆಲ್ಲ ಚೀಲದಲ್ಲಿ ತುಂಬಿ ಕಲಬುರಗಿಗೇ ಮರಳಿ ತರುವುದು ಇತ್ಯಾದಿಗಳು ಹಾಳೆಯ ಹಿಂಬದಿಯಲ್ಲಿವೆ. ತುರ್ತು ಕರೆಗೆ 112, ಆಂಬುಲೆನ್ಸಿಗೆ 108. ಕಾಡಿನಲ್ಲಿ ಮೊಬೈಲು ನಂಬಿ ಕೂರುವಂತಿಲ್ಲವಾದ್ದರಿಂದ ಬಸ್ಸು ಚಾಲಕನೊಡನೆ ರಾತ್ರಿಯಿಡೀ ಅಲ್ಲೇ ಇರುತ್ತದೆ.

ಹೆಸರು ಬರೆಸಲು ಕಡೆಯ ಭಾನುವಾರ ಪೂಜೆಯ ನಂತರ ಹೊರಗೆ ಮೇಜು ಹಾಕಿ ಕುಳಿತಿದ್ದೆವು. ಹುಡುಗ ತಾನೇ ಬಂದು ತನ್ನ ಹೆಸರು ಬರೆದ. ಹಿಂದೆಯೇ ಬಂದ ತಾಯಿ ಅದನ್ನು ನೋಡಿ ಏನೂ ಹೇಳದೆ, ಕೆಳಗೆ ತಮ್ಮ ಹೆಸರು ಬರೆದು, ಕಾವಲಿನ ಪಟ್ಟಿಯಲ್ಲಿ ಮೊದಲ ಅರ್ಧ ಗಂಟೆಯನ್ನು ಕೇಳಿ ಪಡೆದರು. ಹಗ್ಗವನ್ನು ಇನ್ನೂ ಕೊಂಡಿಲ್ಲ. ಮೂವತ್ತು ಮೀಟರು ಸಾಕೆಂದು ನಾವು, ನಲವತ್ತು ಬೇಕೆಂದು ಕಮಲಾಪುರದವರು. ನಲವತ್ತೇ ತರುತ್ತೇವೆ.